ಸೀಟು ನಂಬರ್ 14: ಸಾಫ್ಟ್‌ವೇರನ್ನು ಬರೆದು ನೋಡುವ ಬಗ್ಗೆ

ಕೇಳುಗರಿಗೆ ನಮಸ್ಕಾರ. ಇವತ್ತಿನ ವಿಷಯ ಕಿವಿಗಿಂತ ಕಣ್ಣಿಗೆ ಸೇರಿದ್ದು. ಹತ್ತಿರದಲ್ಲೊಂದು ಹಾಳೆ, ಪೆನ್ಸಿಲ್ ಇದ್ದರೆ ಎತ್ತಿಕೊಳ್ಳಿ. ಚೌಕ ಎಳೆಯಲು ಬಂದರೆ ಸಾಕು.

ಬಸ್ ಟಿಕೆಟ್ ಬುಕ್ ಮಾಡುವ ಸಾಫ್ಟ್‌ವೇರ್ ಕಟ್ಟಬೇಕಾಗಿದೆ ಅಂತಿಟ್ಟುಕೊಳ್ಳಿ. ಮಾಡಿಸುವವರು ಹೇಳಿದ್ದು ಇಷ್ಟೇ: "ಪ್ರಯಾಣಿಕರು ಬಸ್ಸಿನಲ್ಲಿ ಸೀಟು ಬುಕ್ ಮಾಡಬೇಕು." ಸರಿ, ಪ್ರಯಾಣಿಕ, ಸೀಟು, ಬಸ್ಸು ಅಂತ ಮೂರು ಚೌಕ ಬರೆಯಿರಿ. ಸಂಬಂಧ ಇರುವವುಗಳ ನಡುವೆ ಗೆರೆ ಎಳೆಯಿರಿ. ಈಗ ಗೆರೆಯ ಎರಡೂ ತುದಿಗೆ ಅಂಕಿ ಹಾಕಬೇಕು, ಈ ಕಡೆಯ ಒಂದಕ್ಕೆ ಆ ಕಡೆ ಎಷ್ಟು ಅಂತ. ಒಂದು ಬಸ್ಸಿಗೆ ಹಲವು ಸೀಟು, ಅದು ಸುಲಭ. ಒಂದು ಸೀಟಿಗೆ ಎಷ್ಟು ಪ್ರಯಾಣಿಕರು? ಒಬ್ಬರು ಅಂತ ಬರೆಯಲು ಹೋದ ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ. 14ನೇ ಸೀಟು ಇವತ್ತು ರಾತ್ರಿ ಒಬ್ಬರದು, ನಾಳೆ ಇನ್ನೊಬ್ಬರದು. ಹಾಗಾದರೆ ಬಸ್ಸು ಬೇರೆ, ಇಂಥ ದಿನ ಇಂಥ ಹೊತ್ತಿಗೆ ಹೊರಡುವ ಟ್ರಿಪ್ ಬೇರೆ. ಹೊಸದೊಂದು ಚೌಕ ಬಂತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ 14ನೇ ಸೀಟಿನವರು ದಾವಣಗೆರೆಯಲ್ಲೇ ಇಳಿದರೆ, ಮುಂದಿನ ದಾರಿಗೆ ಅದನ್ನು ಬೇರೆಯವರಿಗೆ ಕೊಡಬಹುದೋ ಇಲ್ಲವೋ? ಬೆಂಗಳೂರಿನಲ್ಲಿರುವ ಮಗಳು ಊರಲ್ಲಿರುವ ಅಪ್ಪ ಅಮ್ಮನಿಗೆ ಟಿಕೆಟ್ ಮಾಡಿಸಿದರೆ ಪ್ರಯಾಣಿಕ ಅನ್ನುವ ಚೌಕದಲ್ಲಿ ಯಾರ ಹೆಸರು? ಮಾಡಿಸುವವರ ಒಂದೇ ಸಾಲಿನಲ್ಲಿ ಇಷ್ಟೆಲ್ಲ ಅಡಗಿತ್ತು. ಮಾತು ಇವನ್ನು ಹಾರಿಸಿಕೊಂಡು ಹೋಗುತ್ತದೆ. ಗೆರೆ ಎಳೆಯುವ ಕೈಗೆ ಆ ಸೌಲಭ್ಯ ಇಲ್ಲ.

ಹೀಗೆ ಚೌಕ, ಗೆರೆಗಳಲ್ಲಿ ಬರೆದದ್ದಕ್ಕೆ ಕ್ಲಾಸ್ ಡಯಾಗ್ರಾಂ ಅನ್ನುತ್ತಾರೆ. ಒಂದೊಂದು ಚೌಕವೂ ಒಂದು ಕ್ಲಾಸ್, ಅಂದರೆ ಒಂದೇ ಬಗೆಯ ವಸ್ತುಗಳಿಗೆ ಒಂದು ಅಚ್ಚು. ಬರೆಯುವ ಕ್ರಮಕ್ಕೆ ಯುಎಂಎಲ್, ಅಂದರೆ ಯೂನಿಫೈಡ್ ಮಾಡೆಲಿಂಗ್ ಲ್ಯಾಂಗ್ವೇಜ್, ಎಂದು ಹೆಸರು. ಆ ಅಚ್ಚಿನಿಂದ ಬಂದ ಒಂದೊಂದು ವಸ್ತು ಆಬ್ಜೆಕ್ಟ್. ಈ ಕಲ್ಪನೆ ಹಳೆಯದು. 1960ರ ದಶಕದಲ್ಲಿ ನಾರ್ವೆಯ ಡಾಲ್ ಮತ್ತು ನ್ಯುಗಾರ್ಡ್ ಸಿಮುಲಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಂದದ್ದು. ಅದನ್ನು ಬರೆದು ತೋರಿಸುವ ವಿಷಯದಲ್ಲಿ ಮಾತ್ರ 1990ರ ಹೊತ್ತಿಗೆ ತಲೆಗೊಂದು ಪದ್ಧತಿ. ಗ್ರೇಡಿ ಬೂಚ್ ಕ್ಲಾಸನ್ನು ಚುಕ್ಕೆಗೆರೆಯ ಮೋಡದ ಹಾಗೆ ಬರೆಯುತ್ತಿದ್ದರು, ಜೇಮ್ಸ್ ರಂಬೋ ಚೌಕ ಬರೆಯುತ್ತಿದ್ದರು. ಎರಿಕ್ಸನ್ ಕಂಪನಿಯಲ್ಲಿ ಟೆಲಿಫೋನ್ ವ್ಯವಸ್ಥೆಗಳ ಕೆಲಸ ಮಾಡಿದ್ದ ಇವಾರ್ ಯಾಕೊಬ್ಸನ್ ಯೂಸ್ ಕೇಸ್ ಅನ್ನುವುದನ್ನು, ಅಂದರೆ ಬಳಸುವವರು ಸಾಫ್ಟ್‌ವೇರಿನಿಂದ ಮಾಡಿಸಿಕೊಳ್ಳುವ ಒಂದೊಂದು ಕೆಲಸದ ವಿವರವನ್ನು, ತಂದರು. 1994ರಲ್ಲಿ ರಂಬೋ, ಮರುವರ್ಷ ಯಾಕೊಬ್ಸನ್ ಇಬ್ಬರೂ ಬೂಚ್ ಆಗಲೇ ಇದ್ದ ರ‍್ಯಾಷನಲ್ ಕಂಪನಿಗೇ ಬಂದು ಸೇರಿದರು. ಮೂವರ ಪದ್ಧತಿ ಬೆರೆತು ಬಂದ ಯುಎಂಎಲ್ 1997ರಲ್ಲಿ, ಸಾಫ್ಟ್‌ವೇರ್ ಮಾನಕಗಳನ್ನು ರೂಪಿಸುವ ಒಎಂಜಿ ಸಂಸ್ಥೆಯ ಮಾನಕವಾಯಿತು. ಮೋಡ ಹೋಯಿತು, ಚೌಕ ಉಳಿಯಿತು. ಒಳ್ಳೆಯದೇ ಆಯಿತು ಅನ್ನಿ, ಬೋರ್ಡಿನ ಮೇಲೆ ಮೋಡ ಬರೆಯುತ್ತ ಕೂರಲು ಯಾರಿಗೆ ಪುರುಸೊತ್ತಿದೆ?

ಈಗ ಯುಎಂಎಲ್‌ನಲ್ಲಿ 14 ಬಗೆಯ ಡಯಾಗ್ರಾಂಗಳಿವೆ. ಹದಿನಾಲ್ಕನ್ನೂ ಬಾಯಿಪಾಠ ಮಾಡುವುದು ಪರೀಕ್ಷೆಗೆ ಸರಿ. ಕೆಲಸಕ್ಕೆ ನನ್ನ ಲೆಕ್ಕದಲ್ಲಿ ಮೂರು ಸಾಕು: ಕ್ಲಾಸ್, ಸೀಕ್ವೆನ್ಸ್, ಸ್ಟೇಟ್. ಯೂಸ್ ಕೇಸ್ ಚಿತ್ರದ ಕಡ್ಡಿಮನುಷ್ಯ, ಮೊಟ್ಟೆಯಾಕಾರ ನೋಡಲು ಚೆಂದ. ಆದರೆ ಹುರುಳಿರುವುದು ಆ ಮೊಟ್ಟೆಯ ಹಿಂದೆ ಹಂತ ಹಂತವಾಗಿ ಬರೆದಿಡುವ ವಿವರಣೆಯಲ್ಲಿ.

ಸ್ಟೇಟ್ ಡಯಾಗ್ರಾಂ ಹೊಸಬರು ಬಿಟ್ಟುಬಿಡುವಂಥದ್ದು, ಬಿಡಬಾರದ್ದು. ಇದರ ಮೂಲ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಹರೆಲ್ 1987ರಲ್ಲಿ ಪ್ರಕಟಿಸಿದ ಸ್ಟೇಟ್‌ಚಾರ್ಟ್. ನಮ್ಮ 14ನೇ ಸೀಟಿಗೇ ಬರೆಯೋಣ. 'ಖಾಲಿ' ಅಂತ ಒಂದು ಸ್ಥಿತಿ. ಯಾರೋ ಆರಿಸಿದೊಡನೆ 'ತಡೆಹಿಡಿದಿದೆ'. ದುಡ್ಡು ಬಂದರೆ 'ಬುಕ್ ಆಗಿದೆ'. ಒಂದೊಂದಕ್ಕೂ ನಡುವೆ ಬಾಣ. ಈಗ 'ತಡೆಹಿಡಿದಿದೆ' ಅನ್ನುವಲ್ಲಿಂದ 'ಖಾಲಿ'ಗೆ ವಾಪಸು ಬಾಣ ಹಾಕಿದಿರಾ? ಹಾಕದಿದ್ದರೆ, ಆರಿಸಿ ಅರ್ಧಕ್ಕೇ ಫೋನ್ ಪಕ್ಕಕ್ಕಿಟ್ಟವರ ಸೀಟು ಬಸ್ಸು ಹೊರಡುವವರೆಗೂ ಯಾರಿಗೂ ಸಿಗುವುದಿಲ್ಲ. ಹಾಕಿದರೆ, ಆ ಬಾಣ ಎಷ್ಟು ನಿಮಿಷಕ್ಕೆ ಚಲಿಸಬೇಕು ಅಂತ ಯಾರನ್ನಾದರೂ ಕೇಳಬೇಕು.

ಇಲ್ಲೇ ಸೀಕ್ವೆನ್ಸ್ ಡಯಾಗ್ರಾಂ ತೆಗೆಯಿರಿ. ಮೇಲೆ ಸಾಲಾಗಿ ಪ್ರಯಾಣಿಕರ ಫೋನ್, ನಮ್ಮ ಸರ್ವರ್, ಬ್ಯಾಂಕು. ಪ್ರತಿಯೊಂದರಿಂದ ಕೆಳಕ್ಕೊಂದು ಗೆರೆ, ಕಾಲ ಮೇಲಿನಿಂದ ಕೆಳಗೆ ಇಳಿಯುತ್ತದೆ. ಸಂದೇಶಗಳು ಅಡ್ಡ ಬಾಣಗಳು. ಬ್ಯಾಂಕಿನಿಂದ 'ಹಣ ಸಂದಾಯವಾಯಿತು' ಎಂಬ ಬಾಣವನ್ನು ಸ್ವಲ್ಪ ಕೆಳಗೆ, ತಡವಾಗಿ ಬಂದಂತೆ ಎಳೆಯಿರಿ. ಅಷ್ಟರಲ್ಲಿ ಸೀಟಿನ ಗಡುವು ಮುಗಿದು ಅದು ಬೇರೆಯವರಿಗೆ ಹೋಗಿದೆ. ದುಡ್ಡು ಕಟ್ ಆಯಿತು, ಟಿಕೆಟ್ ಬರಲಿಲ್ಲ ಎಂದು ಜನ ದೂರುವುದು ಎಷ್ಟೋ ಸಲ ಇಂಥ ಬಾಣದ ಕಥೆಯೇ. ಕೋಡ್ ಓದಿ ಇದನ್ನು ಹಿಡಿಯಬೇಕಾದರೆ ಮೂರು ಕಡೆಯ ಫೈಲುಗಳನ್ನು ಒಟ್ಟಿಗೆ ತಲೆಯಲ್ಲಿಟ್ಟುಕೊಳ್ಳಬೇಕು.

ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ಏನು ಮಾಡುತ್ತಾರೆ, ಕೇಳುವವರಿಗೂ ಗೊತ್ತು. ಕೋಡ್ ಮುಗಿದು, ರಿಪೋರ್ಟ್ ಬೈಂಡಿಂಗಿಗೆ ಹೋಗುವ ಹಿಂದಿನ ರಾತ್ರಿ ಡಯಾಗ್ರಾಂ ಹುಟ್ಟುತ್ತವೆ. ಆ ಚಿತ್ರಕ್ಕೆ ಯಾವ ಪ್ರಶ್ನೆ ಕೇಳುವ ಅವಕಾಶವೂ ಇಲ್ಲ. ಉತ್ತರ ಆಗಲೇ ಡಿಸ್ಕಿನಲ್ಲಿ ಕೂತಿದೆ. ಹಾಗಂತ ಎಲ್ಲವನ್ನೂ ಮೊದಲೇ ಬರೆದು ಮುಗಿಸಿ ಆಮೇಲೆ ಕೋಡ್ ಮುಟ್ಟಬೇಕು ಅನ್ನುವ ಹಳೆಯ ಶಿಸ್ತನ್ನೂ ನಾನು ಒಪ್ಪುವುದಿಲ್ಲ. ಗೊಂದಲ ಇರುವ ಜಾಗವನ್ನಷ್ಟೇ ಬೋರ್ಡಿನ ಮೇಲೆ ಬರೆಯಿರಿ, ಜಗಳ ಆಡಿ, ಅಳಿಸಿ. ಉಳಿಸಲೇಬೇಕಾದದ್ದನ್ನು ಪ್ಲಾಂಟ್‌ಯುಎಂಎಲ್‌ನಂಥ ಉಚಿತ ಸಾಧನದಲ್ಲಿ ಅಕ್ಷರಗಳಲ್ಲೇ ಟೈಪ್ ಮಾಡಿದರೆ ಅದೇ ಚಿತ್ರ ಬಿಡಿಸಿಕೊಡುತ್ತದೆ. ಕೋಡಿನ ಜೊತೆಗೇ ಇಡಬಹುದು, ಕೋಡ್ ಬದಲಾದಾಗ ತಿದ್ದಬಹುದು.

ಒಂದು ಎಚ್ಚರಿಕೆ. ತ್ರಿಕೋನ ತುದಿಯ ಬಾಣ, ಅಂದರೆ ಒಂದು ಕ್ಲಾಸ್ ಇನ್ನೊಂದರ ಗುಣಗಳನ್ನು ಮಗುವಿನಂತೆ ಪಡೆಯುವ ಇನ್‌ಹೆರಿಟೆನ್ಸ್, ಕಲಿತ ವಾರ ಎಲ್ಲೆಲ್ಲೂ ಅದೇ ಕಾಣಿಸುತ್ತದೆ. ಬಸ್ಸಿನ ಕೆಳಗೆ ಎಸಿ ಬಸ್ಸು, ಸ್ಲೀಪರ್ ಬಸ್ಸು ಅಂತ ಮಕ್ಕಳು. ಎಸಿ ಸ್ಲೀಪರ್ ಬಂದಾಗ ಅದು ಯಾರ ಮಗು? ಎಸಿ ಇದೆಯೋ ಇಲ್ಲವೋ ಅನ್ನುವುದು ಬಸ್ಸಿನ ಚೌಕದೊಳಗಿನ ಒಂದು ಸಾಲಾದರೆ ಸಾಕಿತ್ತು.

ಚಿಹ್ನೆಗಳೇ ಭಾರ ಅನ್ನಿಸುವವರಿಗೆ 1989ರಲ್ಲಿ ಕೆಂಟ್ ಬೆಕ್ ಮತ್ತು ವಾರ್ಡ್ ಕನ್ನಿಂಗ್‌ಹ್ಯಾಮ್ ಸೂಚಿಸಿದ ಸಿಆರ್‌ಸಿ ಕಾರ್ಡ್‌ಗಳಿವೆ. ಒಂದೊಂದು ರಟ್ಟಿನ ಚೀಟಿಯ ಮೇಲೆ ಒಂದು ಕ್ಲಾಸಿನ ಹೆಸರು, ಅದರ ಹೊಣೆ, ಅದು ಯಾರ ನೆರವು ಕೇಳುತ್ತದೆ, ಇಷ್ಟೇ. ನಾಲ್ಕು ಗೆಳೆಯರು ಚೀಟಿ ಹಂಚಿಕೊಂಡು ಪಾತ್ರ ವಹಿಸಿ. ಪ್ರಸಂಗವನ್ನು ನಾನೇ ಕೊಡುತ್ತೇನೆ: ಒಂದೇ ಬುಕಿಂಗಿನಲ್ಲಿ ನಾಲ್ಕು ಸೀಟು, ಹೊರಡುವ ಮುನ್ನಾದಿನ ಇಬ್ಬರು ಬರುವುದಿಲ್ಲ ಅನ್ನುತ್ತಾರೆ, ದುಡ್ಡು ವಾಪಸು ಬೇಕು. ರದ್ದು ಮಾಡುವ ಹೊಣೆ ಬುಕಿಂಗಿನ ಚೀಟಿಗೋ, ಸೀಟಿನದಕ್ಕೋ? ಆಡಿ ನೋಡಿ. ನಮಸ್ಕಾರ.