ಅರ್ಧ ತೆಗೆದ ಆಟೋಕ್ಯಾಡ್

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆ ಪ್ಲಾನ್ ಹಾಕಿಕೊಡುವ ಕಚೇರಿಗಳಲ್ಲಿ, ಪಾಲಿಟೆಕ್ನಿಕ್ ಲ್ಯಾಬುಗಳಲ್ಲಿ, ಪೀಣ್ಯದಂಥ ಕಡೆ ಬಿಡಿಭಾಗಗಳ ಡ್ರಾಯಿಂಗ್ ಮಾಡುವ ಸಣ್ಣ ವರ್ಕ್‌ಶಾಪುಗಳಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೂ ಆಟೋಕ್ಯಾಡ್ ತೆರೆದೇ ಇರುತ್ತದೆ. ಆಟೋಡೆಸ್ಕ್ ಕಂಪನಿ 1982ರಲ್ಲಿ ತಂದ, ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಇದು. ಒಂದು ದಿನ ತೆರೆಯಲಿಲ್ಲ ಅಂದರೆ ಆಫೀಸಿಗೆ ಆಫೀಸೇ ಸುಮ್ಮನೆ ಕೂರಬೇಕಾಗುತ್ತದೆ. ಹಾಗಾದಾಗ ಏನು ಮಾಡಬೇಕು, ಯಾವುದಾದ ಮೇಲೆ ಯಾವುದನ್ನು ಮಾಡಬೇಕು ಅನ್ನುವುದನ್ನು ಈಗ ಹೇಳುತ್ತೇನೆ. ಪೆನ್ನು, ಕಾಗದ ಹತ್ತಿರ ಇಟ್ಟುಕೊಳ್ಳಿ. ಕೆಲವು ಅಂಕೆ, ಕೆಲವು ಹೆಸರು ಬರೆದುಕೊಳ್ಳಬೇಕಾಗುತ್ತದೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಅರ್ಧ ತೆಗೆದ ಆಟೋಕ್ಯಾಡ್ ಮೇಲೆ ಹೊಸ ಆಟೋಕ್ಯಾಡ್ ಕೂರುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತಿದರೆ ಎಲ್ಲ ಹೋಯಿತು ಅಂದುಕೊಳ್ಳುತ್ತೇವೆ. ಹೋಗುವುದಿಲ್ಲ. ಲೈಸೆನ್ಸ್ ನೋಡಿಕೊಳ್ಳುವ ಭಾಗ ಉಳಿಯುತ್ತದೆ, ವಿಂಡೋಸ್ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಹಳೆಯ ನಮೂದುಗಳು ಉಳಿಯುತ್ತವೆ, ನಾಲ್ಕು ಕಡೆ ಫೋಲ್ಡರ್ ಉಳಿಯುತ್ತವೆ. ಹಳೇ ಸುಣ್ಣ ಕೆರೆಯದೆ ಅದರ ಮೇಲೆ ಹೊಸ ಬಣ್ಣ ಬಳಿದ ಹಾಗೆ ಆಗುತ್ತದೆ ಅದು.

ತುಂಬ ಕಡೆ ನಡೆಯುವ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಆಗಬಹುದಾದ ತಪ್ಪುಗಳೆಲ್ಲ ಇದರೊಳಗೇ ಇವೆ.

ಮನೆ ಪ್ಲಾನ್ ಮಾಡುವ ಒಂದು ಕಚೇರಿ, ಅಲ್ಲಿ ಡ್ರಾಯಿಂಗ್ ಮಾಡುವ ಒಬ್ಬ ಹುಡುಗ ಅಂದುಕೊಳ್ಳಿ. ಸಂಜೆ ಕೆಲಸದ ನಡುವೆ ಕರೆಂಟು ಹೋಯಿತು, ಯುಪಿಎಸ್ ಕೈಕೊಟ್ಟಿತು, ಕಂಪ್ಯೂಟರ್ ಆಫ್ ಆಯಿತು. ಮಾರನೇ ಬೆಳಿಗ್ಗೆ ಆಟೋಕ್ಯಾಡ್ ಒತ್ತಿದರೆ ಒಂದು ಚಿಕ್ಕ ಚೌಕ ಬರುತ್ತದೆ: ಲೈಸೆನ್ಸ್ ಮ್ಯಾನೇಜರ್ ಕೆಲಸ ಮಾಡುತ್ತಿಲ್ಲ ಅಥವಾ ಸರಿಯಾಗಿ ಇನ್‌ಸ್ಟಾಲ್ ಆಗಿಲ್ಲ. ಓಕೆ ಒತ್ತಿದರೆ ಆಟೋಕ್ಯಾಡ್ ಮುಚ್ಚಿಕೊಳ್ಳುತ್ತದೆ. ಇದು ಎರಡು ನಿಮಿಷದ ಕೆಲಸ. ವಿಂಡೋಸ್ ಕೀ ಜೊತೆ ಆರ್ ಒತ್ತಿ, 'ಸರ್ವಿಸಸ್ ಡಾಟ್ ಎಂಎಸ್‌ಸಿ' ಅಂತ ಟೈಪ್ ಮಾಡಿ. ಬರುವ ಪಟ್ಟಿಯಲ್ಲಿ 'ಆಟೋಡೆಸ್ಕ್ ಡೆಸ್ಕ್‌ಟಾಪ್ ಲೈಸೆನ್ಸಿಂಗ್ ಸರ್ವಿಸ್' ಹುಡುಕಿ. ನಿಂತಿದ್ದರೆ ಸ್ಟಾರ್ಟ್ ಕೊಡಿ, ಸ್ಟಾರ್ಟಪ್ ಟೈಪ್ 'ಆಟೋಮ್ಯಾಟಿಕ್' ಮಾಡಿ. 2020ರ ಆವೃತ್ತಿಯಿಂದ ಈಚೆಗೆ ಲೈಸೆನ್ಸ್ ನೋಡಿಕೊಳ್ಳುವುದು ಇದೇ ಸರ್ವಿಸ್. ಇಷ್ಟು ಮಾಡಿದ್ದರೆ ಆ ಹುಡುಗ ಒಂಬತ್ತೂವರೆಗೆ ಕೆಲಸಕ್ಕೆ ಕೂರಬಹುದಿತ್ತು.

ಆದರೆ ಅವನು ಮಾಡಿದ್ದು ಬೇರೆ. ನೇರ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಆಟೋಕ್ಯಾಡ್ ತೆಗೆದ. ಕಂಪ್ಯೂಟರ್ ರೀಸ್ಟಾರ್ಟ್ ಕೂಡ ಮಾಡದೆ ಮತ್ತೆ ಸೆಟಪ್ ಓಡಿಸಿದ. ಸೆಟಪ್ ಮುಕ್ಕಾಲು ಭಾಗ ಓಡಿ ನಿಂತಿತು. ಬಂದ ಅಂಕೆ 1603. ಬರೆದುಕೊಳ್ಳಿ, 1603. ಇದೊಂದು ಅಂಕೆಯ ಹಿಂದೆ ಬಿದ್ದು ದಿನಗಟ್ಟಲೆ ಕಳೆಯುವವರಿದ್ದಾರೆ. 1603 ಅಂದರೆ 'ಇನ್‌ಸ್ಟಾಲ್ ಆಗಲಿಲ್ಲ' ಅಂತ ಅಷ್ಟೇ, ಯಾಕೆ ಆಗಲಿಲ್ಲ ಅನ್ನುವುದು ಅದರಲ್ಲಿ ಇಲ್ಲ. ಅದು ವಿಂಡೋಸ್ ಇನ್‌ಸ್ಟಾಲರ್ ಕೊಡುವ ಅಂಕೆ, ಆಟೋಕ್ಯಾಡ್‌ದಲ್ಲ. ಯಾವ ಸಾಫ್ಟ್‌ವೇರ್ ಹಾಕುವಾಗಲೂ ಬರಬಹುದು.

ಅವನು ಇಂಟರ್‌ನೆಟ್‌ನಲ್ಲಿ ಹುಡುಕಿದ. ತಾತ್ಕಾಲಿಕ ಫೈಲುಗಳಿರುವ ಟೆಂಪ್ ಫೋಲ್ಡರ್ ಖಾಲಿ ಮಾಡಿ ಅಂತ ಒಬ್ಬರು, ಆಟೋಡೆಸ್ಕ್ ಹೆಸರಿನ ಫೋಲ್ಡರ್ ಎಲ್ಲ ಅಳಿಸಿ ಅಂತ ಇನ್ನೊಬ್ಬರು. ಎರಡನ್ನೂ ಮಾಡಿದ, ಶಿಫ್ಟ್ ಹಿಡಿದು ಡಿಲೀಟ್ ಒತ್ತಿ, ರೀಸೈಕಲ್ ಬಿನ್‌ಗೂ ಹೋಗದ ಹಾಗೆ.

ಆ ಟೆಂಪ್ ಫೋಲ್ಡರಿನಲ್ಲಿ ಏನಿತ್ತು ಗೊತ್ತೇ? ಹಿಂದಿನ ಸಂಜೆ ಕರೆಂಟು ಹೋದಾಗ ಸೇವ್ ಆಗದೆ ಉಳಿದಿದ್ದ ಡ್ರಾಯಿಂಗಿನ ಆಟೋಸೇವ್ ಫೈಲು ಅಲ್ಲೇ ಇತ್ತು. ನೀವು ಬದಲಾಯಿಸದಿದ್ದರೆ ಆಟೋಕ್ಯಾಡ್ ಆಟೋಸೇವ್ ಫೈಲನ್ನು ಇಡುವುದು ವಿಂಡೋಸ್‌ನ ಟೆಂಪ್ ಫೋಲ್ಡರಿನಲ್ಲಿ. ಹೆಸರಿನ ಕೊನೆಗೆ 'ಡಾಟ್ ಎಸ್‌ವಿ ಡಾಲರ್' ಅಂತಿರುತ್ತದೆ. ಡ್ರಾಯಿಂಗನ್ನು ಸರಿಯಾಗಿ ಮುಚ್ಚಿದರೆ ಈ ಫೈಲು ತಾನೇ ಹೋಗುತ್ತದೆ. ಆಟೋಕ್ಯಾಡ್ ಅರ್ಧದಲ್ಲಿ ಸತ್ತರೆ ಮಾತ್ರ ಉಳಿಯುತ್ತದೆ. ಅಂದರೆ ತೊಂದರೆಯಲ್ಲಿ ಇರುವವರ ಟೆಂಪ್ ಫೋಲ್ಡರಿನಲ್ಲೇ ಅದು ಇರುವುದು, ಟೆಂಪ್ ಅಳಿಸಿ ಅನ್ನುವ ಸಲಹೆ ಸಿಗುವುದೂ ಅವರಿಗೇ. ದಯವಿಟ್ಟು ಕೇಳಿ: ಟೆಂಪ್ ಮುಟ್ಟುವ ಮುಂಚೆ ಅಲ್ಲಿ ಎಸ್‌ವಿ ಡಾಲರ್ ಹುಡುಕಿ. ಸಿಕ್ಕರೆ ಡಿ ಡ್ರೈವಿಗೆ ಕಾಪಿ ಮಾಡಿ, ಹೆಸರಿನ ಕೊನೆಯನ್ನು 'ಡಿಡಬ್ಲ್ಯುಜಿ' ಅಂತ ಬದಲಿಸಿ. ಡ್ರಾಯಿಂಗ್ ಆಗಿ ತೆರೆಯುತ್ತದೆ. ಮೂಲ ಡ್ರಾಯಿಂಗ್ ಇದ್ದ ಫೋಲ್ಡರಿನಲ್ಲೇ 'ಡಾಟ್ ಬಿಎಕೆ' ಅನ್ನುವ ಇನ್ನೊಂದು ಪ್ರತಿ ಇರುತ್ತದೆ. ಅದನ್ನೂ ಹೀಗೇ ಹೆಸರು ಬದಲಿಸಿ ತೆರೆಯಬಹುದು, ಆದರೆ ಅದು ಕೊನೆಯ ಸೇವ್‌ಗಿಂತ ಹಿಂದಿನದು.

ಫೋಲ್ಡರ್ ಅಳಿಸಿದ್ದರ ಪೆಟ್ಟು ಆಮೇಲೆ ಬಿತ್ತು. ಹೇಗೋ ಆಟೋಕ್ಯಾಡ್ ಮತ್ತೆ ಕೂತ ಮೇಲೆ ಡ್ರಾಯಿಂಗನ್ನು ಕಾಗದಕ್ಕೆ ಪ್ಲಾಟ್ ಕೊಡಲು ಹೋದರೆ ಅವರ ಪ್ಲಾಟ್ ಸ್ಟೈಲ್, ಅಂದರೆ ಸಿಟಿಬಿ ಫೈಲು, 'ಮಿಸ್ಸಿಂಗ್' ಅಂತ ತೋರಿಸಿತು. ಗೋಡೆ ದಪ್ಪ, ಅಳತೆ ಗೆರೆ ತೆಳು ಅನ್ನುವ ಲೆಕ್ಕವೆಲ್ಲ ಇರುವುದು ಆ ಫೈಲಿನಲ್ಲಿ. ಎಲ್ಲ ಗೆರೆಯೂ ಒಂದೇ ದಪ್ಪಕ್ಕೆ, ಬಣ್ಣಬಣ್ಣವಾಗಿ ಹೊರಬಂತು. ಅಕ್ಷರಗಳಿದ್ದ ಕಡೆ ಪ್ರಶ್ನಾರ್ಥಕ ಚಿಹ್ನೆಗಳು, ಯಾಕೆಂದರೆ ಹೊರಗಿನಿಂದ ತಂದು ಹಾಕಿದ್ದ ಎಸ್‌ಎಚ್‌ಎಕ್ಸ್ ಫಾಂಟುಗಳು ಆಟೋಕ್ಯಾಡಿನ ಫಾಂಟ್ಸ್ ಫೋಲ್ಡರ್ ಜೊತೆ ಹೋಗಿದ್ದವು.

ಇಷ್ಟಕ್ಕೂ 1603ಕ್ಕೆ ಕಾರಣ ಏನಾಗಿತ್ತು? ಸೆಟಪ್ ಏನೇನು ಮಾಡಿತು ಅಂತ ಬರೆದಿಡುವ ಲಾಗ್ ಫೈಲು ತೆರೆದಾಗ ಗೊತ್ತಾಯಿತು. ಆಟೋಕ್ಯಾಡ್ ಮೊದಲು ತಾನು ಓಡಲು ಬೇಕಾದ ಪೂರಕ ಫೈಲುಗಳ ಕಟ್ಟನ್ನು, ಅಂದರೆ ಮೈಕ್ರೋಸಾಫ್ಟಿನ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಅನ್ನು ಹಾಕಿಕೊಳ್ಳಲು ನೋಡುತ್ತದೆ. ಆ ಯಂತ್ರದಲ್ಲಿ ಅದರ ಹೊಸ ಪ್ರತಿ ಆಗಲೇ ಇತ್ತು, ಅದು ಹಳೆಯದನ್ನು ಒಳಗೆ ಬಿಡಲಿಲ್ಲ. ಲಾಗ್‌ನಲ್ಲಿ 1638 ಅಂತ ಬಿದ್ದಿತ್ತು: 'ಇದರ ಇನ್ನೊಂದು ಆವೃತ್ತಿ ಈಗಾಗಲೇ ಇದೆ'. ಆ ವಿಷುವಲ್ ಸಿ ಪ್ಲಸ್ ಪ್ಲಸ್ ಪ್ರತಿಯನ್ನು ತೆಗೆದು, ರೀಸ್ಟಾರ್ಟ್ ಮಾಡಿ ಸೆಟಪ್ ಓಡಿಸಿದ್ದಕ್ಕೆ ಒಂದೇ ಸಲಕ್ಕೆ ಕೂತಿತು. ಆಮೇಲೆ ಹೊಸ ರೀಡಿಸ್ಟ್ರಿಬ್ಯೂಟಬಲ್ ಅನ್ನು ಎಕ್ಸ್86, ಎಕ್ಸ್64 ಎರಡನ್ನೂ ಮತ್ತೆ ಹಾಕಿಕೊಳ್ಳಬೇಕು, ಬೇರೆ ಸಾಫ್ಟ್‌ವೇರ್‌ಗಳಿಗೂ ಅವು ಬೇಕು.

ಲಾಗ್ ಎಲ್ಲಿರುತ್ತದೆ? ವಿಂಡೋಸ್ ಕೀ ಜೊತೆ ಆರ್ ಒತ್ತಿ, 'ಪರ್ಸೆಂಟ್ ಲೋಕಲ್‌ಆ್ಯಪ್‌ಡೇಟಾ ಪರ್ಸೆಂಟ್' ಅಂತ ಹೊಡೆಯಿರಿ. ಅಲ್ಲಿ ಆಟೋಡೆಸ್ಕ್, ಅದರೊಳಗೆ ಒಡಿಐಎಸ್ ಫೋಲ್ಡರ್. ಈಚಿನ ಆವೃತ್ತಿಗಳ 'ಇನ್‌ಸ್ಟಾಲ್ ಡಾಟ್ ಲಾಗ್' ಅಲ್ಲಿರುತ್ತದೆ. ಹಳೆಯ ಆವೃತ್ತಿಗಳದ್ದು ಟೆಂಪ್ ಫೋಲ್ಡರಿನಲ್ಲಿ. ನೋಟ್‌ಪ್ಯಾಡಿನಲ್ಲಿ ತೆರೆದು, ಕೆಳಗಿನಿಂದ ಮೇಲಕ್ಕೆ 'ಎರರ್', 'ಫೇಲ್ಡ್' ಅಂತ ಹುಡುಕಿ. ವಿಂಡೋಸ್ ಇನ್‌ಸ್ಟಾಲರ್‌ನ ಲಾಗ್ ಆದರೆ 'ರಿಟರ್ನ್ ವ್ಯಾಲ್ಯೂ 3' ಹುಡುಕಿ. ನಿಜವಾದ ಕಾರಣ ಅದರ ಮೇಲಿನ ನಾಲ್ಕಾರು ಸಾಲಿನಲ್ಲಿರುತ್ತದೆ. ಬೇರೆ ಅಂಕೆ ಬಂದರೂ ಹೆದರಬೇಡಿ. 1618 ಅಂದರೆ ಇನ್ನೊಂದು ಇನ್‌ಸ್ಟಾಲ್ ಹಿಂದೆ ಓಡುತ್ತಿದೆ, ಸಾಮಾನ್ಯವಾಗಿ ವಿಂಡೋಸ್ ಅಪ್‌ಡೇಟ್, ಮುಗಿಯಲು ಬಿಡಿ. 1612 ಅಂದರೆ ಮೂಲ ಸೆಟಪ್ ಫೈಲು ಇದ್ದ ಜಾಗದಲ್ಲಿ ಇಲ್ಲ. ಸಿ ಡ್ರೈವಿನ 'ಆಟೋಡೆಸ್ಕ್' ಫೋಲ್ಡರನ್ನು ಜಾಗ ಉಳಿಸಲು ಅಳಿಸಿದವರಿಗೆ ಇದು ಬರುತ್ತದೆ. 3010 ಅಂದರೆ ತೊಂದರೆ ಏನೂ ಇಲ್ಲ, ರೀಸ್ಟಾರ್ಟ್ ಮಾಡಿ ಅಂತ ಅಷ್ಟೇ.

ಈಗ ಸರಿಯಾದ ಕ್ರಮ. ತೆಗೆಯುವ ಯೋಚನೆಗೆ ಮುಂಚೆ ಎರಡು ಕೆಲಸ ಮಾಡಿ ನೋಡಿ. ಸ್ಟಾರ್ಟ್ ಮೆನುವಿನಲ್ಲಿ ಆಟೋಕ್ಯಾಡ್ ಫೋಲ್ಡರಿನೊಳಗೆ 'ರಿಸೆಟ್ ಸೆಟ್ಟಿಂಗ್ಸ್ ಟು ಡಿಫಾಲ್ಟ್' ಇದೆ, ಅದನ್ನು ಓಡಿಸಿ. ನಿಮ್ಮ ಸೆಟ್ಟಿಂಗುಗಳ ಬ್ಯಾಕಪ್ ತೆಗೆದುಕೊಳ್ಳಲೇ ಅಂತ ಅದೇ ಕೇಳುತ್ತದೆ, ಹೂಂ ಅನ್ನಿ. ಮೆನು ಮಾಯ ಆಗುವುದು, ತೆರೆದ ತಕ್ಷಣ ಮುಚ್ಚಿಕೊಳ್ಳುವುದು, ಇವೆಲ್ಲ ಬಹಳ ಸಲ ಇದರಲ್ಲೇ ಸರಿಹೋಗುತ್ತವೆ. ಆಗಲಿಲ್ಲವೆಂದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆಟೋಕ್ಯಾಡ್ ಮೇಲೆ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಬದಲು 'ರಿಪೇರ್' ಆರಿಸಿ.

ಅದೂ ಆಗದಿದ್ದರೆ ಪೂರ್ತಿ ತೆಗೆಯಬೇಕು. ಪೂರ್ತಿ. ಮೊದಲು ನಿಮ್ಮದನ್ನು ಎತ್ತಿಡಿ. 'ಪರ್ಸೆಂಟ್ ಆ್ಯಪ್‌ಡೇಟಾ ಪರ್ಸೆಂಟ್' ಅಂತ ಹೊಡೆದರೆ ರೋಮಿಂಗ್ ಫೋಲ್ಡರ್ ತೆರೆಯುತ್ತದೆ. ಅಲ್ಲಿರುವ ಆಟೋಡೆಸ್ಕ್ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ಕಾಪಿ ಮಾಡಿ. ಸಿಟಿಬಿ, ಪ್ಲಾಟರ್‌ನ ಪಿಸಿ3, ಶಾರ್ಟ್‌ಕಟ್‌ಗಳ 'ಅಕ್ಯಾಡ್ ಡಾಟ್ ಪಿಜಿಪಿ', ಮೆನುವಿನ ಸಿಯುಐಎಕ್ಸ್ ಎಲ್ಲ ಅದರಲ್ಲೇ ಇವೆ. ಡ್ರಾಯಿಂಗಿನ ಟೆಂಪ್ಲೇಟುಗಳು ಲೋಕಲ್ ಆ್ಯಪ್‌ಡೇಟಾದ ಆಟೋಡೆಸ್ಕ್ ಫೋಲ್ಡರಿನಲ್ಲಿರುತ್ತವೆ, ಅದನ್ನೂ ಕಾಪಿ ಮಾಡಿ. ಪ್ರೋಗ್ರಾಂ ಫೈಲ್ಸ್ ಒಳಗಿನ ಆಟೋಕ್ಯಾಡ್ ಫಾಂಟ್ಸ್ ಫೋಲ್ಡರನ್ನೂ ಸೇರಿಸಿಕೊಳ್ಳಿ.

ಆಮೇಲೆ ತೆಗೆಯಿರಿ. ಮೊದಲು ಮೇಲಿಂದ ಹಾಕಿದ ಆ್ಯಡ್-ಆನ್‌ಗಳು, ಆಮೇಲೆ ಆಟೋಕ್ಯಾಡ್, ಎಲ್ಲಕ್ಕಿಂತ ಕೊನೆಗೆ 'ಆಟೋಡೆಸ್ಕ್ ಜೆನ್ಯುಇನ್ ಸರ್ವಿಸ್'. ಕೊನೆಯದನ್ನು ಮೊದಲೇ ತೆಗೆಯಲು ಹೋದರೆ ಅದು ಒಪ್ಪುವುದಿಲ್ಲ. ಪಟ್ಟಿಯಿಂದ ಹೋಗದೆ ಹಟ ಹಿಡಿದ ನಮೂದು ಇದ್ದರೆ ಮೈಕ್ರೋಸಾಫ್ಟಿನದೇ ಉಚಿತ 'ಪ್ರೋಗ್ರಾಂ ಇನ್‌ಸ್ಟಾಲ್ ಆ್ಯಂಡ್ ಅನ್‌ಇನ್‌ಸ್ಟಾಲ್ ಟ್ರಬಲ್‌ಶೂಟರ್' ಓಡಿಸಿ. ಸಿಕ್ಕಸಿಕ್ಕ ರಿಜಿಸ್ಟ್ರಿ ಕ್ಲೀನರ್ ಮಾತ್ರ ಬೇಡ.

ಈಗ ರೀಸ್ಟಾರ್ಟ್. ಇದನ್ನು ಬಿಡಬೇಡಿ. ಆಮೇಲೆ ನಾಲ್ಕು ಜಾಗ: ಪ್ರೋಗ್ರಾಂ ಫೈಲ್ಸ್, ಪ್ರೋಗ್ರಾಂಡೇಟಾ, ಆ್ಯಪ್‌ಡೇಟಾ ಲೋಕಲ್, ಆ್ಯಪ್‌ಡೇಟಾ ರೋಮಿಂಗ್. ನಾಲ್ಕರಲ್ಲೂ ಉಳಿದ ಆಟೋಡೆಸ್ಕ್ ಫೋಲ್ಡರನ್ನು ಅಳಿಸಬೇಡಿ, 'ಆಟೋಡೆಸ್ಕ್ ಹಳೆಯದು' ಅಂತ ಹೆಸರು ಬದಲಿಸಿ. ಹೆಸರು ಬದಲಿಸಿದರೆ ಸೆಟಪ್‌ಗೆ ಅದು ಕಾಣುವುದಿಲ್ಲ, ನಿಮಗೆ ಬೇಕಾದಾಗ ಸಿಗುತ್ತದೆ. ರಿಜಿಸ್ಟ್ರಿಯಲ್ಲೂ ಹಾಗೆಯೇ. ರೆಜ್‌ಎಡಿಟ್ ತೆರೆದು ಕರೆಂಟ್ ಯೂಸರ್, ಲೋಕಲ್ ಮಷಿನ್ ಎರಡರಲ್ಲೂ ಸಾಫ್ಟ್‌ವೇರ್ ಕೆಳಗಿನ ಆಟೋಡೆಸ್ಕ್ ಕೀಯನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ, ಆಮೇಲೆ ಹೆಸರು ಬದಲಿಸಿ. ಅದೇ ಯಂತ್ರದಲ್ಲಿ ರೆವಿಟ್‌ನಂಥ ಬೇರೆ ಆಟೋಡೆಸ್ಕ್ ಸಾಫ್ಟ್‌ವೇರ್ ಇದ್ದರೆ ಇಡೀ ಆಟೋಡೆಸ್ಕ್ ಕೀ, ಇಡೀ ಫೋಲ್ಡರ್ ಮುಟ್ಟಬಾರದು. ನಿಮ್ಮ ಆವೃತ್ತಿಯದ್ದು ಮಾತ್ರ. ಆಟೋಕ್ಯಾಡ್ 2024 ಆದರೆ ಆರ್ 24.3, 2023 ಆದರೆ ಆರ್ 24.2 ಅಂತ ಬರೆದಿರುತ್ತದೆ.

ಇಷ್ಟಾದ ಮೇಲೆ ಸಿ ಡ್ರೈವಿನಲ್ಲಿ ಕನಿಷ್ಠ 20 ಜಿಬಿ ಖಾಲಿ ಇದೆಯೇ ನೋಡಿ, ಬಾಕಿ ವಿಂಡೋಸ್ ಅಪ್‌ಡೇಟ್ ಮುಗಿಸಿ, ಆ್ಯಂಟಿವೈರಸ್ ಅನ್ನು ಅಷ್ಟು ಹೊತ್ತು ನಿಲ್ಲಿಸಿ, ಅಡ್ಮಿನಿಸ್ಟ್ರೇಟರ್ ಆಗಿ ಸೆಟಪ್ ಓಡಿಸಿ. ಅರ್ಧ ತೆಗೆದದ್ದರ ಮೇಲೆ ಹತ್ತು ಸಲ ಓಡಿಸಿದರೂ ಅದೇ 1603 ಬರಬಹುದು, ಪೂರ್ತಿ ತೆಗೆದ ಮೇಲೆ ಸಾಮಾನ್ಯವಾಗಿ ಒಂದು ಸಲ ಸಾಕು.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಕರ್ಸರ್ ತಡವರಿಸುತ್ತಿದ್ದರೆ, ಗೆರೆಗಳು ಕಾಣದೆ ಹೋದರೆ ಅದು ಬಹಳ ಸಲ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ತೊಂದರೆ. 'ಗ್ರಾಫಿಕ್ಸ್‌ಕಾನ್ಫಿಗ್' ಕಮಾಂಡ್ ಕೊಟ್ಟು ಹಾರ್ಡ್‌ವೇರ್ ಆ್ಯಕ್ಸಲರೇಶನ್ ಆಫ್ ಮಾಡಿ ನೋಡಿ. ಅದಕ್ಕೆ ಮರು ಇನ್‌ಸ್ಟಾಲ್ ಬೇಡ. ಸೈನ್-ಇನ್ ಕಿಟಕಿ ಸುತ್ತುತ್ತಲೇ ಇದ್ದರೆ ಲೋಕಲ್ ಆ್ಯಪ್‌ಡೇಟಾ, ಆಟೋಡೆಸ್ಕ್, ವೆಬ್ ಸರ್ವಿಸಸ್ ಒಳಗಿನ 'ಲಾಗಿನ್‌ಸ್ಟೇಟ್ ಡಾಟ್ ಎಕ್ಸ್‌ಎಂಎಲ್' ಫೈಲಿನ ಹೆಸರು ಬದಲಿಸಿ ಮತ್ತೆ ತೆರೆಯಿರಿ. ಹಿಂದೆ ಯಾರೋ ಕ್ರ್ಯಾಕ್ ಮಾಡಿದ ಪ್ರತಿ ಹಾಕಿದ್ದ ಯಂತ್ರವಾದರೆ ವಿಂಡೋಸ್‌ನ ಹೋಸ್ಟ್ಸ್ ಫೈಲಿನಲ್ಲಿ ಆಟೋಡೆಸ್ಕ್ ಸರ್ವರುಗಳನ್ನು ತಡೆಯುವ ಸಾಲುಗಳು ಉಳಿದಿರುತ್ತವೆ. ಅವು ಇರುವವರೆಗೂ ದುಡ್ಡು ಕೊಟ್ಟು ಕೊಂಡ ಪ್ರತಿಗೂ ಲೈಸೆನ್ಸ್ ಸಿಗುವುದಿಲ್ಲ. ವಿದ್ಯಾರ್ಥಿಗಳೇ, ನಿಮಗೆ ಕ್ರ್ಯಾಕ್ ಯಾಕೆ ಬೇಕು? ಓದುತ್ತಿದ್ದೀರಿ ಅನ್ನುವ ದಾಖಲೆ ಕೊಟ್ಟರೆ ಆಟೋಡೆಸ್ಕ್ ಒಂದು ವರ್ಷಕ್ಕೆ ಉಚಿತವಾಗಿ ಕೊಡುತ್ತದೆ, ಓದು ಮುಗಿಯುವವರೆಗೂ ವರ್ಷವರ್ಷ ಮುಂದುವರಿಸಿಕೊಳ್ಳಬಹುದು.

ಕೊನೆಗೆ ಕನ್ನಡದಲ್ಲಿ ಬರೆಯುವವರಿಗೆ. ನಿವೇಶನದ ನಕ್ಷೆಯಲ್ಲಿ ರಸ್ತೆ, ಚಕ್ಕುಬಂದಿ ಎಲ್ಲವನ್ನೂ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಬರೆದಿದ್ದರೆ, ಫಾರ್ಮ್ಯಾಟ್ ಮಾಡಿದ ಯಂತ್ರದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಡ್ರಾಯಿಂಗ್ ಕೆಟ್ಟಿಲ್ಲ, ಹೊಸದಾಗಿ ಟೈಪ್ ಮಾಡಲು ಕೂರಬೇಡಿ. ಆ ಫಾಂಟನ್ನು ವಿಂಡೋಸ್ ಫಾಂಟ್ಸ್‌ಗೆ ಹಾಕಿ, ಆಟೋಕ್ಯಾಡ್ ಮುಚ್ಚಿ ತೆರೆಯಿರಿ, ಕನ್ನಡ ವಾಪಸು ಬರುತ್ತದೆ.

ನಮಸ್ಕಾರ.