ತಿಕ್ಕಿದರೆ ಇಳಿಯುತ್ತಾ?

ಎಲ್ಲರಿಗೂ ನಮಸ್ಕಾರ.

ಇವತ್ತು ಬೆಳಿಗ್ಗೆ ಲಾಲ್‌ಬಾಗಿನ ಬಂಡೆಯ ಹತ್ತಿರ ಹಿರಿಯರೊಬ್ಬರು ಬೆಂಚಿನ ಮೇಲೆ ಕೂತು ಮಂಡಿಗೆ ನೋವಿನ ಜೆಲ್ ಹಚ್ಚುತ್ತಿದ್ದರು. ಕಡಲೆಕಾಳಿನಷ್ಟು ಜೆಲ್, ಆದರೆ ಚರ್ಮ ಕೆಂಪಾಗುವಷ್ಟು ತಿಕ್ಕಾಟ. 'ಜೋರಾಗಿ ತಿಕ್ಕಿದರೇ ಅಲ್ವಾ ಒಳಗೆ ಇಳಿಯೋದು?' ಎಂದು ನನ್ನನ್ನು ಕೇಳಿದರು. ಅವರಿಗೆ ಎರಡು ಮಾತಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಚರ್ಮದ ತೀರಾ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಮೈಯ ಬಹುಪಾಲು ಕಡೆ ಅದರ ದಪ್ಪ ಸುಮಾರು 10ರಿಂದ 20 ಮೈಕ್ರೋಮೀಟರ್, ತಲೆಗೂದಲಿಗಿಂತ ತೆಳು. ಆದರೂ ಔಷಧಿಯನ್ನು ತಡೆಯುವುದು ಮುಖ್ಯವಾಗಿ ಇದೇ. ಇದನ್ನು ಇಟ್ಟಿಗೆ ಗೋಡೆ ಎಂದೇ ನಾವು ಪಾಠ ಮಾಡುತ್ತೇವೆ. ಸತ್ತ ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಔಷಧಿ ಹೆಚ್ಚಾಗಿ ಗಾರೆಯ ಸಂದಿಯಲ್ಲೇ ನುಸುಳಿ ಹೋಗಬೇಕು.

ಆದ್ದರಿಂದ ಅಣು ಸಣ್ಣದಿರಬೇಕು. ಅಣುವಿನ ತೂಕವನ್ನು ಡಾಲ್ಟನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 500 ಡಾಲ್ಟನ್ ದಾಟಿದರೆ ಕಷ್ಟ ಎಂದು 2000ದಲ್ಲಿ ಬಾಸ್ ಮತ್ತು ಮೈನಾರ್ಡಿ ಎಂಬ ಸಂಶೋಧಕರು ಬರೆದರು. ನೋವಿನ ಜೆಲ್‌ನಲ್ಲಿರುವ ಔಷಧಿ ಡೈಕ್ಲೋಫೆನಾಕ್ ಸುಮಾರು 296, ಚರ್ಮ ದಾಟಬಹುದು. ಇನ್ಸುಲಿನ್ ಸುಮಾರು 5,800. ಸುಮ್ನೆ ಹಚ್ಚಿಕೊಳ್ಳುವ ಇನ್ಸುಲಿನ್ ಜೆಲ್ ಯಾಕಿಲ್ಲ ಎಂದು ಕೇಳುವವರಿಗೆ ಉತ್ತರ ಇದೇ. ಗಾತ್ರವೊಂದೇ ಸಾಲದು. ಅಣುವಿಗೆ ಎಣ್ಣೆಯೂ ಸ್ವಲ್ಪ ಒಗ್ಗಬೇಕು, ನೀರೂ ಒಗ್ಗಬೇಕು. ಗಾರೆ ಜಿಡ್ಡಿನದು, ಅದರಾಚೆಯ ಜೀವಂತ ಪದರ ನೀರಿನದು.

ಈಗ ಜೆಲ್ ವಿಷಯಕ್ಕೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು. ಬಿಎಂಟಿಸಿ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಇದ್ದರೆ ಮೆಜೆಸ್ಟಿಕ್‌ನಲ್ಲಿ ಬಾಗಿಲು ತೆರೆದ ಕೂಡಲೇ ಏನಾಗುತ್ತೆ? ಹಿಂದಿನವರ ಒತ್ತಡಕ್ಕೇ ಮುಂದಿನವರು ಹೊರಗೆ ಬರುತ್ತಾರೆ. ಔಷಧಿಯೂ ಹೆಚ್ಚು ಕಡಿಮೆ ಹಾಗೆಯೇ. ಜೆಲ್‌ನಲ್ಲಿ ಅದು ಕಿಕ್ಕಿರಿದಿದ್ದಷ್ಟೂ ಚರ್ಮದ ಕಡೆಗೆ ಹೊರಡುತ್ತದೆ. ಹಚ್ಚಿದ ಮೇಲೆ ಜೆಲ್‌ನಲ್ಲಿರುವ ಆಲ್ಕೋಹಾಲ್ ಆರಿಹೋಗುತ್ತದೆ. ಔಷಧಿ ಅಷ್ಟೇ, ದ್ರವ ಕಡಿಮೆ. ಒತ್ತಡ ಏರುತ್ತದೆ. ಆದರೆ ಪೂರ್ತಿ ಆರಿಬಿಟ್ಟರೆ ಔಷಧಿ ಹರಳುಗಟ್ಟಿ ಚರ್ಮದ ಮೇಲೆಯೇ ಕೂರುತ್ತದೆ. ಅದಕ್ಕೇ ಬೇಗ ಆರದ ಪ್ರೊಪಿಲೀನ್ ಗ್ಲೈಕಾಲ್‌ನಂಥದ್ದನ್ನೂ ಸೇರಿಸುತ್ತಾರೆ. ಒಲೀಕ್ ಆಮ್ಲ, ಮೆಂಥಾಲ್ ಮೊದಲಾದವು ಗಾರೆಯನ್ನೇ ಸ್ವಲ್ಪ ಸಡಿಲ ಮಾಡುತ್ತವೆ. ಹೆಚ್ಚಾದರೆ ಚರ್ಮ ಉರಿಯುತ್ತದೆ. ಎಷ್ಟು ಹಾಕಬೇಕು ಎನ್ನುವುದರಲ್ಲೇ ಜೆಲ್ ಮಾಡುವವರ ಕಸುಬು ಇರುವುದು.

ಮೆಂಥಾಲ್ ತಂಪು ಮಾಡಿದ ಕೂಡಲೇ 'ಆಹಾ, ಇಳಿಯಿತು' ಅನ್ನುತ್ತೇವೆ. ಆ ತಂಪು ಚರ್ಮದ ನರಗಳು ಕೊಡುವ ಸುದ್ದಿ ಅಷ್ಟೇ. ನೋವಿನ ಔಷಧಿ ಕೀಲಿನ ಹತ್ತಿರ ಸೇರಲು ಇನ್ನೂ ಹೊತ್ತು ಬೇಕು.

ಹಾಗಾದರೆ ಆ ಹಿರಿಯರು ಏನು ಮಾಡಬೇಕಿತ್ತು? ತಿಕ್ಕುವುದನ್ನು ಬಿಟ್ಟು ಅಳತೆ ನೋಡಬೇಕಿತ್ತು. ದೊಡ್ಡವರ ಒಂದು ಮಂಡಿಗೆ ಸಾಮಾನ್ಯವಾಗಿ ಹೇಳುವುದು ಒಂದು ಸಲಕ್ಕೆ 2ರಿಂದ 4 ಗ್ರಾಂ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಲೆಕ್ಕ ಹಾಕಿ, ಕಡಲೆಕಾಳು ಯಾವ ಮೂಲೆಗೂ ಸಾಲದು. ಮಂಡಿಯ ಸುತ್ತ ತೆಳುವಾಗಿ ಸವರಿ, ಆರಲು ಬಿಡಿ. ಹಚ್ಚಿದ ಮೇಲೆ ಕನಿಷ್ಠ ಒಂದು ಗಂಟೆ ಸ್ನಾನ ಬೇಡ.

ಹಾಗೆ ಹಚ್ಚಿದರೂ ರಕ್ತಕ್ಕೆ ಸೇರುವುದು ಮಾತ್ರೆ ನುಂಗಿದಾಗ ಸೇರುವುದರ ನೂರರಲ್ಲಿ ಸುಮಾರು 6 ಪಾಲು. ಇದನ್ನು ನಾನು ಕೊರತೆ ಅನ್ನುವುದಿಲ್ಲ. ಹೊಟ್ಟೆಗೂ ಕಿಡ್ನಿಗೂ ಹೊರೆ ಕಡಿಮೆ. ನಮಗೆ ಬೇಕಾದದ್ದು ಮಂಡಿಯಲ್ಲಿ ಔಷಧಿ, ಮೈಯೆಲ್ಲಾ ಅಲ್ಲ. ಹಾಗಾಗಿ ಜಾಸ್ತಿ ಇಳಿಯಲಿ ಎಂದು ಪ್ಲಾಸ್ಟಿಕ್ ಸುತ್ತುವುದು, ಮೇಲೆ ಬಿಸಿನೀರಿನ ಚೀಲ ಇಡುವುದು ದಯವಿಟ್ಟು ಬೇಡ. ನಿಜವಾಗಿಯೂ ಜಾಸ್ತಿ ಇಳಿಯುತ್ತದೆ. ಅಪಾಯ ಇರುವುದೇ ಅಲ್ಲಿ.

ಇನ್ನೊಂದು ಮಾತು ಹೇಳದೆ ಹೋಗಲಾರೆ. ಚರ್ಮ ಎಲ್ಲಾ ಕಡೆ ಒಂದೇ ಥರ ಇಲ್ಲ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಹಚ್ಚಿ ಅಳೆದರು. ಮುಂಗೈಗಿಂತ ಹಣೆಯಲ್ಲಿ ಸುಮಾರು 6 ಪಟ್ಟು ಇಳಿಯಿತು. ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ಕ್ರೀಮ್ ತಂದು, ಮುಖ ಬೆಳ್ಳಗಾಗಲಿ ಎಂದು ತಿಂಗಳುಗಟ್ಟಲೆ ಹಚ್ಚುವ ಹುಡುಗಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಕಾಣಿಸಿಕೊಂಡು, ಬಿಟ್ಟರೆ ಉರಿ, ಹಚ್ಚಿದರೆ ಇನ್ನಷ್ಟು ಹಾನಿ. ಇವತ್ತು ಮನೆಗೆ ಹೋದ ಮೇಲೆ ಕನ್ನಡಿಯ ಹತ್ತಿರ ಇರುವ ಟ್ಯೂಬುಗಳನ್ನು ಒಂದೊಂದಾಗಿ ತೆಗೆದು ಹೆಸರು ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಎಂದಿದ್ದರೆ ಡಾಕ್ಟರ ಹತ್ತಿರ ತೋರಿಸಿ.