ಮ್ಯಾಕಿನಾ: ಆಮೆಯ ಹೆಸರಿನ ಬಟ್ಟೆ

ಎಲ್ಲರಿಗೂ ನಮಸ್ಕಾರ.

ಮಿಶಿಗನ್ನಿನಲ್ಲಿ ಒಂದು ಚಳಿಗಾಲ ಕಳೆದವರೂ ಈ ಬಟ್ಟೆಯನ್ನು ನೋಡಿಯೇ ಇರುತ್ತೀರಿ. ಕೆಂಪು-ಕಪ್ಪು ದೊಡ್ಡ ಚೌಕಳಿ, ಕೈಗೆತ್ತಿಕೊಂಡರೆ ಭಾರ, ಕುತ್ತಿಗೆಗೆ ತಾಗಿದರೆ ಚುಚ್ಚುವ ಉಣ್ಣೆ. ಕಾಡಿನಲ್ಲಿ ಮರ ಕಡಿಯುವವರ ಮೈಮೇಲೆ ಇದೇ ಕೋಟು. ಹೆಸರು ಮ್ಯಾಕಿನಾ. ನಿಘಂಟು ತೆರೆದರೆ ಈ ಒಂದೇ ಪದದ ಕೆಳಗೆ ಬಟ್ಟೆ, ಕೋಟು, ಕಂಬಳಿ, ದೋಣಿ, ಮೀನು ಎಲ್ಲವೂ ಕೂತಿವೆ. ಚೌಕಳಿಗೂ ಮೀನಿಗೂ ಎತ್ತಣಿಂದೆತ್ತ ಸಂಬಂಧ?

ಹ್ಯೂರಾನ್ ಮತ್ತು ಮಿಶಿಗನ್ ಸರೋವರಗಳು ಕೂಡುವ ಜಲಸಂಧಿಯ ಬಳಿ ಉಬ್ಬಿದ ಬೆನ್ನಿನ ದ್ವೀಪವೊಂದಿದೆ. ಅಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನರ ಮಾತಿನಲ್ಲಿ ಮಿಕಿನಾಕ್ ಎಂದರೆ ಆಮೆ. ದ್ವೀಪ ಅವರಿಗೆ ಹೆಬ್ಬಾಮೆಯಾಗಿ ಕಂಡಿತು ಎನ್ನುವುದೇ ಹೆಚ್ಚಿನವರು ಒಪ್ಪುವ ವಿವರಣೆ. ಫ್ರೆಂಚರು ಅದನ್ನು ಮಿಶಿಲಿಮ್ಯಾಕಿನಾಕ್ ಎಂದು ಬರೆದುಕೊಂಡು, 1715ರಲ್ಲಿ ಜಲಸಂಧಿಯ ದಡದಲ್ಲಿ ಆ ಹೆಸರಿನ ಕೋಟೆ ಕಟ್ಟಿದರು. ಮುಂದೆ ಹೆಸರು ಮ್ಯಾಕಿನಾಕ್ ಎಂದು ಮೊಟಕಾಯಿತು. ಬಾಯಲ್ಲಿ ಕೊನೆಯ ‘ಕ್’ ಉದುರಿತು, ಕಾಗದದ ಮೇಲೆ ಉಳಿಯಿತು. ಇವತ್ತಿಗೂ ದ್ವೀಪಕ್ಕೆ, 1957ರಲ್ಲಿ ತೆರೆದ ಸೇತುವೆಗೆ ಒಂದು ಸ್ಪೆಲ್ಲಿಂಗ್ (Mackinac), ಸೇತುವೆಯ ತೆಂಕಣ ತುದಿಯ ಊರಿಗೆ ಇನ್ನೊಂದು (Mackinaw). ಉಚ್ಚಾರ ಮಾತ್ರ ಒಂದೇ. ಕನ್ನಡದಲ್ಲಿ ಬರೆಯುವ ನಮಗೆ ಆ ತಾಪತ್ರಯವಿಲ್ಲ, ಬಿಡಿ.

ಆ ಕಾಲಕ್ಕೆ ಈ ಜಲಸಂಧಿಯ ಜಾಗ ತುಪ್ಪಳದ ದೊಡ್ಡ ಸಂತೆ. ಬೀವರ್ ತೊಗಲು ಕೊಟ್ಟವರಿಗೆ ಇಂಗ್ಲೆಂಡಿನಲ್ಲಿ ನೇಯ್ದ ಕಂಬಳಿ ಸಿಗುತ್ತಿತ್ತು. ಅಂಚಿನಲ್ಲಿ ನೇಯ್ದ ಗೀಟುಗಳನ್ನು ಎಣಿಸಿದರೆ ಕಂಬಳಿಯ ಅಳತೆ ಗೊತ್ತಾಗುತ್ತಿತ್ತು. ನಮ್ಮ ಇಳಕಲ್ ಸೀರೆಗೆ ಮಗ್ಗವಿದ್ದ ಊರಿನ ಹೆಸರು. ಮ್ಯಾಕಿನಾ ಕಂಬಳಿಗೆ ಕೈ ಬದಲಿಸಿದ ಊರಿನ ಹೆಸರು. ಈ ವ್ಯತ್ಯಾಸ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ನೇಯ್ದವರನ್ನು ಈ ಪದ ಎಂದೂ ನೆನೆಯಲೇ ಇಲ್ಲ.

ಕಂಬಳಿ ಕೋಟಾದ ಕಥೆ 1811ರ ಚಳಿಗಾಲದ್ದು. ಹ್ಯೂರಾನ್ ಸರೋವರದ ಸೇಂಟ್ ಜೋಸೆಫ್ ಕೋಟೆಯಲ್ಲಿ ಬ್ರಿಟಿಷ್ ಕ್ಯಾಪ್ಟನ್ ಚಾರ್ಲ್ಸ್ ರಾಬರ್ಟ್ಸ್‌ನ ಸಿಪಾಯಿಗಳಿಗೆ ಮೇಲಂಗಿಗಳಿರಲಿಲ್ಲ. ಉಗ್ರಾಣದ ಜಾನ್ ಆಸ್ಕಿನ್ ಇದ್ದ ಕಂಬಳಿಗಳನ್ನೇ ತೆಗೆಸಿದ. ಸ್ಥಳೀಯ ಹೆಂಗಸರು ಕೂತು ಹೊಲಿದುಕೊಟ್ಟರು. ನೀಲಿ ಕಂಬಳಿ ಸಾಲದೆ ಕೆಂಪು-ಕಪ್ಪು ಚೌಕಳಿಗೆ ಕೈ ಹಾಕಬೇಕಾಯಿತು ಎಂಬ ಮಾತೂ ಇದೆ. ನನಗದು ಆಮೇಲೆ ಹೆಣೆದ ಕಥೆಯಂತೆ ಕೇಳಿಸುತ್ತದೆ, ಆದರೂ ಸೊಗಸಾಗಿದೆ. ಮಳೆ ಬಂದಾಗ ನಮ್ಮವರು ಕಂಬಳಿಯನ್ನು ಮಡಿಚಿ ಕೊಪ್ಪೆ ಹಾಕಿಕೊಳ್ಳುತ್ತಿದ್ದರಲ್ಲ, ಅಲ್ಲಿ ಅದಕ್ಕೆ ತೋಳಿಟ್ಟು ಗುಂಡಿ ಹಚ್ಚಿದರು. ಕುರುಬರ ಕಂಬಳಿ ಗಡುಸಾಗುವುದು ಹುಣಸೆಬೀಜದ ಗಂಜಿಯಿಂದ. ಮ್ಯಾಕಿನಾ ಬಟ್ಟೆಯನ್ನು ನೇಯ್ದ ಮೇಲೆ ನೀರಿನಲ್ಲಿ ಕುಗ್ಗಿಸಿ, ಎಳೆ ಎಳೆ ಕಚ್ಚಿಕೊಳ್ಳುವಷ್ಟು ಒತ್ತಾಗಿಸುತ್ತಾರೆ. ಹಾಗಾಗಿ ಹನಿ ಬೇಗ ಒಳಗಿಳಿಯದು.

ಮರುವರ್ಷ ಜುಲೈನಲ್ಲಿ ಇದೇ ರಾಬರ್ಟ್ಸ್ ಅಮೆರಿಕನ್ನರ ಕೈಯಲ್ಲಿದ್ದ ಮ್ಯಾಕಿನಾ ದ್ವೀಪದ ಕೋಟೆಯನ್ನು ಕಾದಾಟವಿಲ್ಲದೆ ವಶಪಡಿಸಿಕೊಂಡ. ಬೇಸಿಗೆಯಾದ್ದರಿಂದ ಕೋಟು ಬೇಕಾಗಿರಲಿಕ್ಕಿಲ್ಲ.

ಇನ್ನು ದೋಣಿ. ಸರೋವರಗಳಲ್ಲಿ ಮ್ಯಾಕಿನಾ ಎಂದರೆ ಹಾಯಿದೋಣಿ. ಮಿಸೌರಿ ನದಿಯಲ್ಲಿ ಅದೇ ಹೆಸರಿಗೆ ಚಪ್ಪಟೆ ತಳದ ಬೇರೆಯೇ ದೋಣಿ. ತುಪ್ಪಳ ಹೇರಿಕೊಂಡು ಹೊಳೆ ಹರಿದತ್ತ ಒಂದೇ ಸಲ ಇಳಿಯುವುದು, ಸೇಂಟ್ ಲೂಯಿಸ್ ಮುಟ್ಟಿದ ಮೇಲೆ ಅದನ್ನು ಹಲಗೆಯ ಬೆಲೆಗೆ ಮಾರಿಬಿಡುವುದು.

ಮ್ಯಾಕಿನಾ ಮೀನು ಎಂದರೆ ಇದೇ ಸರೋವರಗಳ ಟ್ರೌಟ್. ಅದನ್ನು ಪಶ್ಚಿಮದ ಟಾಹೋ ಸರೋವರಕ್ಕೆ ಒಯ್ದು ಬಿಟ್ಟರು. ಇವತ್ತು ಅಲ್ಲಿ ಗಾಳ ಹಾಕುವವರು ‘ಮ್ಯಾಕಿನಾ ಬಿತ್ತು’ ಎಂದರೆ ಮೇಲೆ ಬರುವುದು ಆಮೆಯೂ ಅಲ್ಲ, ಕೋಟೂ ಅಲ್ಲ.